ಅರ್ಜಿ ಇಲ್ಲದ ಪ್ರಯಾಣ



ಬಂಧುಗಳೇ, ಇಂದಿನ ಚಿಂತನೆಗೆ ನಮ್ಮ ಅಧ್ಯಯನ ಬಳಗದಲ್ಲೇ ಎದ್ದ ಒಂದು ಪ್ರಶ್ನೆಯನ್ನು ತೆಗೆದುಕೊಂಡಿದ್ದೇನೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕೂ ಕಡೆಯ ನಮ್ಮ ಸದಸ್ಯರು ಒಂದು ದಿನ ಒಟ್ಟಾಗಿ ಎಲ್ಲಿಗಾದರೂ ಹೋಗಿಬರೋಣ ಎಂದು ಮಾತಾಡಿಕೊಂಡಾಗ, ಹಿರಿಯರೊಬ್ಬರು ಹೇಳಿದರು: "ಮೊದಲು ವಾರದ ಕಂತು ಕಟ್ಟಲಿ, ಆಮೇಲೆ ಬೆಟ್ಟ ಹತ್ತಲಿ."

ಅವರು ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ನಮ್ಮ ಬಳಗದಲ್ಲಿ ಅರ್ಧಕ್ಕೂ ಹೆಚ್ಚು ಜನ ಕೂಲಿ ಮಾಡುವವರು. ಟೊಮೆಟೊ ತೋಟದಲ್ಲಿ ಬಿಡಿಸುವವರು, ಇಟ್ಟಿಗೆ ಗೂಡಿನಲ್ಲಿ ಹೊರುವವರು, ಮಾವಿನ ಮಂಡಿಯಲ್ಲಿ ಆರಿಸುವವರು, ನಾಲ್ಕು ಮನೆಯ ಪಾತ್ರೆ ತಿಕ್ಕುವವರು. ಸಾಲ ಇಲ್ಲದವರು ಬೆರಳೆಣಿಕೆ. ಇಂಥವರು ಒಂದು ದಿನದ ದುಡಿಮೆ ಬಿಟ್ಟು ಸುಮ್ಮನೆ ತಿರುಗಾಡಲು ಹೋಗುವುದು ಸರಿಯೇ? ಧಮ್ಮದ ದಾರಿಯಲ್ಲಿ ನಡೆಯುತ್ತೇವೆ ಎನ್ನುವವರು ಇದನ್ನು ಪ್ರೋತ್ಸಾಹಿಸಬಹುದೇ? ಈ ಪ್ರಶ್ನೆಗೆ ಸಿಟ್ಟಿನ ಉತ್ತರ ಬೇಡ. ನಿಧಾನವಾಗಿ ಯೋಚಿಸೋಣ.

ನಾನು ಕನ್ನಡ ಪಾಠ ಮಾಡುವವಳು. ಗಾದೆಗಳ ಪಾಠ ಬಂದಾಗಲೆಲ್ಲ ಎರಡು ಗಾದೆಗಳು ನನ್ನನ್ನು ಯೋಚನೆಗೆ ಹಚ್ಚುತ್ತವೆ. ಒಂದು, "ಹಾಸಿಗೆ ಇದ್ದಷ್ಟು ಕಾಲು ಚಾಚು." ಇನ್ನೊಂದು, "ದೇಶ ಸುತ್ತು, ಕೋಶ ಓದು." ಎರಡೂ ನಮ್ಮ ಹಿರಿಯರದ್ದೇ. ಎರಡೂ ನಿಜವೇ. ಆದರೆ ಯಾವ ಗಾದೆಯನ್ನು ಯಾರಿಗೆ ಹೇಳುತ್ತೇವೆ ಎಂಬುದನ್ನು ಗಮನಿಸಿ. ಸಂಬಳದ ಕೆಲಸದಲ್ಲಿ ಇರುವವನ ಮಗ ಊಟಿಗೆ ಹೊರಟರೆ "ದೇಶ ಸುತ್ತಬೇಕಪ್ಪ, ಜ್ಞಾನ ಬರುತ್ತೆ" ಎನ್ನುತ್ತೇವೆ. ಕೂಲಿಯವಳು ಪಕ್ಕದ ಬೆಟ್ಟಕ್ಕೆ ಹೊರಟರೆ ಹಾಸಿಗೆಯ ಗಾದೆ ನೆನಪಾಗುತ್ತದೆ. ಮೊದಲನೆಯವನ ತಲೆಯ ಮೇಲೆ ಮನೆ ಸಾಲ, ಕಾರಿನ ಸಾಲ ಎರಡೂ ಇರಬಹುದು. ಅವನನ್ನು ಯಾರೂ ಕಂತಿನ ಬಗ್ಗೆ ಕೇಳುವುದಿಲ್ಲ.

ಹಾಗಾದರೆ ಬಡವರು ತಿರುಗಾಡುವುದೇ ಇಲ್ಲವೇ? ತಿರುಗಾಡುತ್ತಾರೆ, ನಮಗಿಂತ ಹೆಚ್ಚೇ ತಿರುಗಾಡುತ್ತಾರೆ. ಆದರೆ ಆ ಪ್ರಯಾಣಗಳನ್ನು ಒಂದೊಂದಾಗಿ ಎಣಿಸಿ ನೋಡಿ. ಆಸ್ಪತ್ರೆಗೆ. ತಾಲ್ಲೂಕು ಕಚೇರಿಗೆ. ಪಡಿತರ ಚೀಟಿಗೆ ಬೆರಳಚ್ಚು ಕೊಡಲು. ಕೋರ್ಟಿಗೆ. ಜಾಮೀನಿಗೆ. ಕೆಲಸ ಹುಡುಕಿಕೊಂಡು ಬೆಂಗಳೂರಿಗೆ. ಸತ್ತವರ ಮನೆಗೆ. ಪ್ರತಿ ಪ್ರಯಾಣದಲ್ಲೂ ಕೈಯಲ್ಲಿ ಒಂದು ಅರ್ಜಿ, ಒಂದು ಜೆರಾಕ್ಸ್ ಕಟ್ಟು, ಇಲ್ಲವೇ ಒಂದು ಕಣ್ಣೀರು ಇರುತ್ತದೆ. ಹೋದ ಕಡೆಯೆಲ್ಲ ಯಾರದೋ ಮುಂದೆ ನಿಲ್ಲಬೇಕು, ಕಾಯಬೇಕು, ಬೇಡಬೇಕು. ಅರ್ಜಿ ಇಲ್ಲದೆ, ಯಾರನ್ನೂ ಏನನ್ನೂ ಕೇಳದೆ, ಬರೀ ಕಣ್ಣು ತೆರೆದು ನೋಡಲು ಹೋದ ಪ್ರಯಾಣ ಒಬ್ಬ ಕೂಲಿ ಹೆಂಗಸಿನ ಬದುಕಿನಲ್ಲಿ ಎಷ್ಟಿರುತ್ತದೆ?

ನಮ್ಮ ಹಿರಿಯರ ಮಾತಿಗೂ ಬುದ್ಧವಚನದಲ್ಲಿ ಆಧಾರ ಇದೆ, ಅದನ್ನು ಮೊದಲು ಒಪ್ಪಿಕೊಳ್ಳೋಣ. ಅಂಗುತ್ತರ ನಿಕಾಯದಲ್ಲಿ ಇಣ ಸುತ್ತ ಎಂಬುದಿದೆ. ಇಣ ಎಂದರೆ ಋಣ, ಸಾಲ. ಗೃಹಸ್ಥನಿಗೆ ಬಡತನವೇ ಒಂದು ದುಃಖ ಎಂದು ಭಗವಾನರು ಅಲ್ಲಿ ನೇರವಾಗಿ ಹೇಳುತ್ತಾರೆ. ಬಡತನದಿಂದ ಸಾಲ, ಸಾಲದಿಂದ ಬಡ್ಡಿ, ಬಡ್ಡಿ ಕಟ್ಟದಿದ್ದರೆ ತಗಾದೆ, ತಗಾದೆಗೂ ಕೊಡಲಾಗದಿದ್ದರೆ ಬೆನ್ನಟ್ಟುವಿಕೆ, ಕೊನೆಗೆ ಬಂಧನ. ಒಂದೊಂದು ಮೆಟ್ಟಿಲೂ ದುಃಖವೇ ಎನ್ನುತ್ತಾರೆ. ಎರಡೂವರೆ ಸಾವಿರ ವರ್ಷದ ಹಿಂದಿನ ಮಾತು. ಇವತ್ತು ಮೈಕ್ರೋಫೈನಾನ್ಸ್ ವಸೂಲಿಯವರು ಮನೆ ಬಾಗಿಲಲ್ಲಿ ಕುಳಿತದ್ದನ್ನು ಕಂಡವರಿಗೆ ಈ ಮೆಟ್ಟಿಲುಗಳನ್ನು ಬಿಡಿಸಿ ಹೇಳಬೇಕಿಲ್ಲ. ಈ ಕಿರುಕುಳ ಎಲ್ಲಿಗೆ ಮುಟ್ಟಿತೆಂದರೆ 2025ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಸಿಗಾಲೋವಾದ ಸುತ್ತದಲ್ಲಿ ಸಂಪತ್ತು ಸೋರಿಹೋಗುವ ಆರು ತೂತುಗಳನ್ನು ಭಗವಾನರು ಹೆಸರಿಸುತ್ತಾರೆ. ಕುಡಿತ, ಜೂಜು, ಹೊತ್ತಲ್ಲದ ಹೊತ್ತಿನ ಬೀದಿ ಸುತ್ತಾಟ, ಕೆಟ್ಟ ಗೆಳೆತನ, ಸೋಮಾರಿತನ ಇವುಗಳ ಜೊತೆಗೆ ಮೋಜಿನ ಮೇಳಗಳ ಚಟವನ್ನೂ ಸೇರಿಸುತ್ತಾರೆ. ಎಲ್ಲಿ ಕುಣಿತ, ಎಲ್ಲಿ ಹಾಡು, ಎಲ್ಲಿ ವಾದ್ಯ ಎಂದು ಸದಾ ಹುಡುಕುತ್ತಾ ಮನೆ ಮರೆಯುವವನ ಕುರಿತು ಎಚ್ಚರಿಸುತ್ತಾರೆ. ಹಾಗಾಗಿ ಹಿರಿಯರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಟೂರಿಗಾಗಿ ಕೈಸಾಲ ಮಾಡಿ, ಒಡವೆ ಅಡವಿಟ್ಟು, ವಾಪಸು ಬಂದ ಮೇಲೆ ಆರು ತಿಂಗಳು ಬಡ್ಡಿ ಕಟ್ಟಿದವರನ್ನು ನಾವೆಲ್ಲ ನೋಡಿದ್ದೇವೆ.

ಆದರೆ ಅದೇ ಬುದ್ಧರು ಇನ್ನೊಂದು ಮಾತನ್ನೂ ಹೇಳಿದ್ದಾರೆ. ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖಗಳನ್ನು ತಿಳಿಸುವಾಗ, ಧರ್ಮದಿಂದ ದುಡಿದದ್ದು ಕೈಯಲ್ಲಿದೆ ಎಂಬ ಸುಖ ಮೊದಲನೆಯದು. ಅದನ್ನು ಅನುಭವಿಸುವ ಸುಖ ಎರಡನೆಯದು. ಸಾಲವಿಲ್ಲದ ಸುಖ ಮೂರನೆಯದು. ತಪ್ಪು ಮಾಡಿಲ್ಲ ಎಂಬ ನಿರ್ದೋಷದ ಸುಖ ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು. ಗಮನಿಸಿ ಬಂಧುಗಳೇ, ಅನುಭವಿಸುವ ಸುಖವನ್ನು ಅವರು ಪಟ್ಟಿಯಿಂದ ಬಿಟ್ಟಿಲ್ಲ. ಸಾಲ ತೀರಿದ ಮೇಲಷ್ಟೇ ಅನುಭವಿಸು ಎಂಬ ಷರತ್ತನ್ನೂ ಹಾಕಿಲ್ಲ. ನಾಲ್ಕನ್ನೂ ಪಕ್ಕಪಕ್ಕದಲ್ಲಿ ಇಟ್ಟಿದ್ದಾರೆ.

ಕೋಲಿಯರ ದೀಘಜಾಣು ಎಂಬ ಗೃಹಸ್ಥ ಬಂದು, ನಾವು ಹೆಂಡತಿ ಮಕ್ಕಳ ಜೊತೆ ಸಂಸಾರ ನಡೆಸುವವರು, ಗಂಧ ಹೂವು ಬಳಸುವವರು, ನಮಗೆ ಸುಖ ತರುವ ಧಮ್ಮ ಹೇಳಿ ಎಂದು ಕೇಳಿದಾಗಲೂ ಅವರು ಅವನನ್ನು ಗದರಿಸಲಿಲ್ಲ. ಶ್ರಮ, ಸಂಪಾದಿಸಿದ್ದರ ರಕ್ಷಣೆ, ಒಳ್ಳೆಯ ಗೆಳೆತನ, ಸಮತೂಕದ ಬದುಕು ಎಂದು ನಾಲ್ಕು ಮಾತು ಹೇಳಿದರು. ಸಮತೂಕ ಎಂದರೇನು ಎಂದು ವಿವರಿಸುವಾಗ ವರಮಾನ ಮೀರಿ ಖರ್ಚು ಮಾಡುವವನನ್ನು ಟೀಕಿಸಿದಂತೆಯೇ, ಇದ್ದೂ ಅನುಭವಿಸದೆ ದಿಕ್ಕಿಲ್ಲದವನಂತೆ ಸಾಯುವವನನ್ನೂ ಟೀಕಿಸಿದರು. ತಕ್ಕಡಿಗೆ ಎರಡು ತಟ್ಟೆ.

ಈ ಎರಡೂ ತಟ್ಟೆಗಳನ್ನು ನೋಡಿ ನಾವು ಮೂರು ಅಳತೆಗಳನ್ನು ಮಾಡಿಕೊಂಡೆವು. ಈ ದಿನ ಯಾರ ಮನೆಗೂ ಹೊಸ ಸಾಲ ತರಬಾರದು. ಯಾರಿಗೂ ನೋವು, ನಾಚಿಕೆ ತರಬಾರದು. ದುಡ್ಡಿಲ್ಲ ಎಂಬ ಕಾರಣಕ್ಕೆ ಯಾರೂ ಹಿಂದೆ ಉಳಿಯಬಾರದು. ಮೂರು ಅಳತೆಗೂ ಒಪ್ಪಿದರೆ ಹೋಗೋಣ, ಇಲ್ಲದಿದ್ದರೆ ಬಿಡೋಣ ಎಂದುಕೊಂಡೆವು.

ಮೊದಲನೆಯ ಅಳತೆ ಸುಲಭವಾಯಿತು. ದೂರದ ಊರು ಬಿಟ್ಟು ಕೋಲಾರದ ಅಂತರಗಂಗೆಯನ್ನೇ ಆರಿಸಿಕೊಂಡೆವು. ನಾಲ್ಕೂ ಕಡೆಯಿಂದ ಸರ್ಕಾರಿ ಬಸ್ಸಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಕಂತು ಕಟ್ಟುವ ದಿನ ಕಳೆದ ಮೇಲಿನ ಭಾನುವಾರ ಗೊತ್ತು ಮಾಡಿದೆವು. ಎರಡನೆಯ ಅಳತೆಗೆ ಸ್ವಲ್ಪ ಯೋಚಿಸಬೇಕಾಯಿತು. ತಲೆಗಿಷ್ಟು ಎಂದು ಚಂದಾ ಎತ್ತಿದರೆ ಕೊಡಲಾಗದವರು ಬರುವುದಿಲ್ಲ. ಇದ್ದವರು ಇಲ್ಲದವರ ಪಾಲು ಕೊಡುತ್ತೇವೆ ಎಂದರೆ ಅದೂ ಒಂದು ಋಣವೇ, ಕಾಣದ ಋಣ. ಆದ್ದರಿಂದ ಚಂದಾ ಬೇಡವೆಂದು ತೀರ್ಮಾನಿಸಿದೆವು. ಎಲ್ಲರೂ ಮನೆಯಲ್ಲಿ ಇದ್ದದ್ದನ್ನು ಕಟ್ಟಿಕೊಂಡು ಬರುವುದು, ಬಂದ ಮೇಲೆ ಎಲ್ಲ ಬುತ್ತಿಯನ್ನೂ ಒಂದೇ ಕಡೆ ಬಿಚ್ಚಿ ಹಂಚಿಕೊಳ್ಳುವುದು. ಯಾರ ಡಬ್ಬಿಯಿಂದ ಏನು ಬಂತೆಂದು ಯಾರಿಗೂ ಗೊತ್ತಾಗಬಾರದು. ರಾಗಿ ಮುದ್ದೆ, ಚಿತ್ರಾನ್ನ, ಒಣಚಪಾತಿ, ಹುರಿಗಡಲೆ ಚಟ್ನಿ, ಅವರೆಕಾಳಿನ ಹುಳಿ ಎಲ್ಲ ಒಂದೇ ಹರಿವಾಣದಲ್ಲಿ ಬಂತು.

ಬೆಳಿಗ್ಗೆ ಕೋಲಾರ ಬಸ್ ನಿಲ್ದಾಣದಲ್ಲಿ ಸೇರಿದೆವು. ಶ್ರೀನಿವಾಸಪುರದ ಕಡೆಯ ಒಬ್ಬ ಅಕ್ಕ ಬರಲಿಲ್ಲ. ಹಸು ಹಾಲು ಕೊಡಲು ತಡಮಾಡಿತು, ಡೇರಿಗೆ ಹಾಲು ಹಾಕದೆ ಹೊರಡುವಂತಿಲ್ಲ ಎಂದು ಫೋನು ಬಂತು. ಒಂದೂವರೆ ಗಂಟೆ ಎಲ್ಲರೂ ಕಾದೆವು. ಅವಳು ಬಂದ ಮೇಲೆ ಹೊರಟೆವು. ಮೆಟ್ಟಿಲು ಹತ್ತಿ, ಬಸವನ ಬಾಯಿಂದ ಬೀಳುವ ನೀರು ಕುಡಿದು, ಕೋತಿಗಳಿಂದ ಬುತ್ತಿ ಉಳಿಸಿಕೊಂಡು, ಬಂಡೆಗಳ ನಡುವೆ ನೆರಳು ಹುಡುಕಿ ಕುಳಿತೆವು. ಕಾಲು ಗಂಟೆ ಉಸಿರಿನ ಧ್ಯಾನ ಮಾಡಿದೆವು. ಆಮೇಲೆ ಹಾಡು, ಹರಟೆ, ನಗು. ಹೆಚ್ಚೇನೂ ನಡೆಯಲಿಲ್ಲ.

ಮುಳಬಾಗಿಲು ಕಡೆಯಿಂದ ಬಂದಿದ್ದ ಒಬ್ಬರು ಬಂಡೆಯ ಮೇಲೆ ನಿಂತು ಕೆಳಗೆ ಊರನ್ನು ನೋಡುತ್ತಾ ಹೇಳಿದರು: "ಈ ಊರಿಗೆ ನೂರು ಸಲ ಬಂದಿದೀನಿ ಮೇಡಂ. ಆಸ್ಪತ್ರೆ ಮುಂದೆ ಕೂತಿದೀನಿ, ಆಫೀಸ್ ಮುಂದೆ ನಿಂತಿದೀನಿ. ಈ ಬೆಟ್ಟನ ತಲೆ ಎತ್ತಿ ನೋಡಿರ್ಲಿಲ್ಲ." ಅವರ ದನಿಯಲ್ಲಿ ದುಃಖ ಇರಲಿಲ್ಲ. ಇಷ್ಟು ದೊಡ್ಡ ಬೆಟ್ಟ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ನಗುತ್ತಿದ್ದರು. ಅರ್ಜಿ ಹಿಡಿದವರ ಕಣ್ಣು ಕಿಟಕಿಯ ಮೇಲೆ, ಗುಮಾಸ್ತನ ಮುಖದ ಮೇಲೆ, ಬಸ್ಸಿನ ಹೊತ್ತಿನ ಮೇಲೆ ಇರುತ್ತದೆ. ತಲೆ ಎತ್ತಲು ಬಿಡುವು ಬೇಕು. ಸ್ಮೃತಿ, ಎಚ್ಚರದ ಅರಿವು ಎಂದು ನಾವು ಬಳಗದಲ್ಲಿ ವರ್ಷಗಟ್ಟಲೆ ಓದುತ್ತೇವಲ್ಲ, ಅದಕ್ಕೂ ಮೊದಲು ಬೇಕಾದದ್ದು ಈ ಬಿಡುವು.

ಆದರೆ ಮೂರನೆಯ ಅಳತೆಯಲ್ಲಿ ನಮ್ಮ ಲೆಕ್ಕ ಪೂರ್ತಿಯಾಗಲಿಲ್ಲ. ಮಾಲೂರು ಕಡೆಯ ಒಬ್ಬ ಹೆಂಗಸು ಬರಲಿಲ್ಲ. ಭಾನುವಾರವೂ ಅವಳಿಗೆ ಕೆಲಸ. ಹೋಗದಿದ್ದರೆ ಆ ದಿನದ ಕೂಲಿ ಇಲ್ಲ. ಕೂಲಿ ಇಲ್ಲದಿದ್ದರೆ ಆ ವಾರದ ಅಕ್ಕಿ, ಔಷಧಿ ಲೆಕ್ಕ ತಪ್ಪುತ್ತದೆ. ಬಸ್ ಟಿಕೆಟ್ ಉಚಿತ, ನೀರು ಉಚಿತ, ಊಟ ಹಂಚಿಕೆ. ಆದರೆ ದಿನ ಉಚಿತವಲ್ಲ. ಕೂಲಿಯವಳಿಗೆ ಪ್ರವಾಸದ ನಿಜವಾದ ಬೆಲೆ ಟಿಕೆಟ್ಟಿನಲ್ಲಿಲ್ಲ, ಕಳೆದುಹೋಗುವ ಆ ದಿನದ ಕೂಲಿಯಲ್ಲಿದೆ. ಇದು ನಮ್ಮ ಚರ್ಚೆಯಲ್ಲಿ ಯಾರಿಗೂ ಮೊದಲು ಹೊಳೆದಿರಲಿಲ್ಲ. ಬಡವರಿಗೆ ಪ್ರವಾಸ ಬೇಕೇ ಬೇಡವೇ ಎಂದು ವಾದ ಮಾಡುತ್ತಿದ್ದೆವು. ಅವರ ಕೈಯಲ್ಲಿ ಅವರದೇ ಆದ ಒಂದು ದಿನ ಇದೆಯೇ ಎಂದು ಕೇಳಿರಲಿಲ್ಲ.

ಈಗ ಸಿಗಾಲೋವಾದ ಸುತ್ತಕ್ಕೆ ಮತ್ತೊಮ್ಮೆ ಹೋಗೋಣ. ಮೋಜಿನ ಚಟದ ಬಗ್ಗೆ ಎಚ್ಚರಿಸಿದ ಅದೇ ಸುತ್ತದ ಕೊನೆಯ ಭಾಗದಲ್ಲಿ ಯಜಮಾನನು ಆಳುಗಳಿಗೆ ಮಾಡಬೇಕಾದ ಐದು ಕರ್ತವ್ಯಗಳಿವೆ. ಅವರ ಶಕ್ತಿಗೆ ತಕ್ಕ ಕೆಲಸ ಹಂಚುವುದು. ಊಟ ಮತ್ತು ಕೂಲಿ ಕೊಡುವುದು. ಕಾಯಿಲೆಯಲ್ಲಿ ಆರೈಕೆ ಮಾಡುವುದು. ಮನೆಯಲ್ಲಿ ವಿಶೇಷ ತಿಂಡಿ ಮಾಡಿದರೆ ಅವರಿಗೂ ಪಾಲು ಕೊಡುವುದು. ಐದನೆಯದು, ಸಮಯೇ ವೋಸ್ಸಗ್ಗ, ಎಂದರೆ ಸಕಾಲದಲ್ಲಿ ಬಿಡುವು ಕೊಡುವುದು. ಆಳು ಸೋಮಾರಿಯಾಗುತ್ತಾನೆ, ದುಡ್ಡು ಹಾಳು ಮಾಡುತ್ತಾನೆ ಎಂಬ ಅನುಮಾನದ ಮಾತು ಅಲ್ಲಿಲ್ಲ. ಕೂಲಿ ಕೊಟ್ಟರೆ ಮುಗಿಯಿತು ಎಂಬ ಮಾತೂ ಇಲ್ಲ. ಬಿಡುವು ಎಂಬುದು ಯಜಮಾನ ಬಿಸಾಡುವ ಕರುಣೆಯಲ್ಲ, ಅವನು ತೀರಿಸಬೇಕಾದ ಕರ್ತವ್ಯ ಎಂದು ಬುದ್ಧರು ಕೂಲಿಯ ಪಕ್ಕದಲ್ಲೇ ಅದನ್ನು ಇಟ್ಟರು. ಬಡವರ ಖರ್ಚಿನ ಬಗ್ಗೆ ಮಾತಾಡುವ ನಾವು ಈ ಐದನೆಯ ಕರ್ತವ್ಯವನ್ನು ಎಷ್ಟು ಸಲ ಓದಿದ್ದೇವೆ?

ಇದೇ ಮಾತನ್ನು ಕಾನೂನಿನ ಭಾಷೆಗೆ ತಂದವರು ನಮ್ಮ ಬಾಬಾಸಾಹೇಬರು. 1942ರಿಂದ 1946ರವರೆಗೆ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ವರ್ಷವಿಡೀ ನಡೆಯುವ ಕಾರ್ಖಾನೆಗಳ ಕಾರ್ಮಿಕರಿಗೆ ಸಂಬಳಸಹಿತ ರಜೆ ಕೊಡುವ ಮಸೂದೆಯನ್ನು 1944ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದರು. ಅವರು ತಂದ ಮತ್ತೊಂದು ತಿದ್ದುಪಡಿಯಿಂದ 1946ರಲ್ಲಿ ಕಾರ್ಖಾನೆಯ ವಾರದ ದುಡಿಮೆ 54 ಗಂಟೆಯಿಂದ 48 ಗಂಟೆಗೆ ಇಳಿಯಿತು. 1945ರಲ್ಲಿ ಪ್ರಕಟವಾದ, ಕಾಂಗ್ರೆಸ್ ಮತ್ತು ಗಾಂಧೀಜಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಕೇಳುವ ಪುಸ್ತಕದಲ್ಲಿ ಅವರು ಬಿಡುವಿನ ಬಗ್ಗೆಯೇ ವಾದ ಮಾಡುತ್ತಾರೆ. ಹೊಟ್ಟೆಪಾಡಿನ ದುಡಿಮೆಯಲ್ಲೇ ಇಡೀ ದಿನ ಮುಗಿದರೆ ಮನುಷ್ಯನಿಗೂ ಪ್ರಾಣಿಗೂ ವ್ಯತ್ಯಾಸ ಉಳಿಯುವುದಿಲ್ಲ, ಸಂಸ್ಕೃತಿ ಬೆಳೆಯಲು ಬಿಡುವು ಬೇಕೇ ಬೇಕು ಎಂಬುದು ಅವರ ವಾದದ ಸಾರ.

ಇವತ್ತು ಕಚೇರಿಯಲ್ಲಿ, ಶಾಲೆಯಲ್ಲಿ, ದೊಡ್ಡ ಕಾರ್ಖಾನೆಯಲ್ಲಿ ಸಂಬಳದ ರಜೆ ಹಾಕಿ ಪ್ರವಾಸ ಹೋಗುವ ನಾವೆಲ್ಲ ಆ ಹೋರಾಟದ ಫಲ ಉಣ್ಣುತ್ತಿದ್ದೇವೆ. ಆದರೆ ಆ ರಜೆ ಕಾರ್ಖಾನೆಯ ಗೇಟು ದಾಟಿ ಟೊಮೆಟೊ ತೋಟಕ್ಕೆ ಬರಲಿಲ್ಲ. ಇಟ್ಟಿಗೆ ಗೂಡಿನ ಹೆಂಗಸಿನವರೆಗೆ, ಮನೆಗೆಲಸದವಳವರೆಗೆ ಬರಲಿಲ್ಲ. ರಜೆ ಇದ್ದವರು ರಜೆ ಇಲ್ಲದವರಿಗೆ "ನಿನಗೇಕೆ ಪ್ರವಾಸ" ಎಂದು ಕೇಳುತ್ತಿದ್ದೇವೆ. ಇದನ್ನು ಸ್ವಲ್ಪ ಯೋಚಿಸಬೇಕು.

ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ಒಂದು ಹಳೆಯ ಪರಂಪರೆಯೇ ಇದೆ. ಅಯೋತಿದಾಸ ಪಂಡಿತರು 1898ರಲ್ಲಿ ಮದ್ರಾಸಿನಲ್ಲಿ ಕಟ್ಟಿದ ಶಾಕ್ಯ ಬೌದ್ಧ ಸಂಘದ ಶಾಖೆಗಳು ಕೆಜಿಎಫ್‌ನ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ನಲ್ಲಿ ಬೆಳೆದವು. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ಪಡೆಯುವುದಕ್ಕೆ ಅರ್ಧ ಶತಮಾನ ಮೊದಲೇ ನಮ್ಮ ಕೋಲಾರದ ನೆಲದಲ್ಲಿ ಗಣಿ ಕಾರ್ಮಿಕರ ನಡುವೆ ಬುದ್ಧ ಬಂದಿದ್ದರು. ಚಾಂಪಿಯನ್ ರೀಫ್ ಗಣಿ ನೆಲದಡಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿದದ್ದು. ಗಣಿಯ ಕತ್ತಲೆ, ಸೆಕೆ, ಕುಸಿತದ ಭಯ, ಶ್ವಾಸಕೋಶ ತಿನ್ನುವ ಧೂಳು. ಅಂಥ ದುಡಿಮೆಯ ಜನ ಮೇಲೆ ಬಂದ ಮೇಲೆ ಒಟ್ಟಾಗಿ ಕುಳಿತು ಧಮ್ಮ ಓದಿದರು, ಚರ್ಚೆ ಮಾಡಿದರು, ಸಭೆ ಸೇರಿದರು. "ಇದರಿಂದ ನಿಮ್ಮ ಸಾಲ ತೀರುತ್ತದೆಯೇ" ಎಂದು ಅವರನ್ನೂ ಯಾರಾದರೂ ಕೇಳಿರಬಹುದು. ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿತು. ಚಿನ್ನ ಎಲ್ಲೋ ಹೋಯಿತು. ಅವರು ಬಿಡುವಿನ ಹೊತ್ತಿನಲ್ಲಿ ಓದಿ ಹಂಚಿದ ವಿಚಾರ ಮಾತ್ರ ನಮ್ಮವರೆಗೆ ಬಂದಿದೆ.

ಇನ್ನೊಂದು ವಿಷಯ. ದಿನ ನಮ್ಮದಾದರೂ ಜಾಗ ನಮ್ಮದೇ? ಬಾಬಾಸಾಹೇಬರು 1934ರಲ್ಲಿ ಚಳವಳಿಯ ಸಂಗಾತಿಗಳ ಜೊತೆ ಪ್ರವಾಸ ಹೋದದ್ದನ್ನು "ವೇಟಿಂಗ್ ಫಾರ್ ಎ ವೀಸಾ" ಎಂಬ ಅವರ ನೆನಪುಗಳಲ್ಲಿ ಬರೆದಿದ್ದಾರೆ. ಸಂಗಾತಿಗಳೇ ಆಸೆಪಟ್ಟು ಕೇಳಿದ ಪ್ರವಾಸ ಅದು. ವೇರೂಳದ ಬೌದ್ಧ ಗುಹೆಗಳನ್ನು ನೋಡಲೇಬೇಕು ಎಂದು ನಿಶ್ಚಯಿಸಿದ್ದರು. ದಾರಿಯಲ್ಲಿ ತೊಂದರೆ ಆಗದಿರಲೆಂದು ತಾವು ಯಾರೆಂದು ಹೇಳಿಕೊಳ್ಳದೆ ಹೊರಟಿದ್ದರು. ದೌಲತಾಬಾದ್ ಕೋಟೆಯ ಬಾಗಿಲಲ್ಲಿ ನೀರು ತುಂಬಿದ ಕೊಳ ಕಂಡಿತು. ಮೈಯೆಲ್ಲ ದಾರಿಯ ಧೂಳು. ಕೆಲವರು ಮುಖ, ಕೈಕಾಲು ತೊಳೆದುಕೊಂಡರು. ಅಷ್ಟಕ್ಕೇ ಕೊಳ ಮೈಲಿಗೆಯಾಯಿತೆಂದು ಗಲಾಟೆ ಎದ್ದಿತು. ಕೊನೆಗೆ ಕೋಟೆಯೊಳಗೆ ನೀರು ಮುಟ್ಟದಂತೆ ನೋಡಿಕೊಳ್ಳಲು ಇವರ ಹಿಂದೆ ಒಬ್ಬ ಶಸ್ತ್ರಧಾರಿಯನ್ನು ಕಳಿಸಿದರು. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಬಂದ ಮನುಷ್ಯ ತನ್ನ ದೇಶದ ಒಂದು ಕೋಟೆ ನೋಡಲು ಹೋದ ಕತೆ ಇದು.

ಅದು ಹಳೆಯ ಕಾಲ ಎನ್ನಬೇಡಿ. 2022ರ ಸೆಪ್ಟೆಂಬರಿನಲ್ಲಿ ನಮ್ಮ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯ ಸುದ್ದಿ ದೇಶವೆಲ್ಲ ಓದಿತು. ಉತ್ಸವದ ದೇವರ ಕೋಲನ್ನು ದಲಿತ ಹುಡುಗ ಮುಟ್ಟಿದನೆಂದು ಆ ಕುಟುಂಬಕ್ಕೆ 60,000 ರೂಪಾಯಿ ದಂಡ ಹಾಕಿದ್ದು ವರದಿಯಾಯಿತು, ಪೊಲೀಸ್ ಪ್ರಕರಣವೂ ದಾಖಲಾಯಿತು. ಊರಿನ ಉತ್ಸವ ಎಲ್ಲ ಮಕ್ಕಳಿಗೂ ಸಂಭ್ರಮ. ಒಂದು ಮಗುವಿಗೆ ಮಾತ್ರ ಆ ಸಂಭ್ರಮಕ್ಕೆ ಬೆಲೆ ಕಟ್ಟಿದರು. ಆದ್ದರಿಂದ ನಮ್ಮ ಜನ ಗುಂಪಾಗಿ ಒಂದು ಬೆಟ್ಟ ಹತ್ತಿ, ಯಾರನ್ನೂ ಕೇಳದೆ ನೀರು ಕುಡಿದು, ಬಂಡೆಯ ಮೇಲೆ ಬುತ್ತಿ ಬಿಚ್ಚುವುದನ್ನು ಬರೀ ಮೋಜು ಎಂದು ನೋಡಬೇಡಿ. ಈ ನೆಲ, ಈ ನೀರು, ಈ ಗಾಳಿ ನಮಗೂ ಸೇರಿದ್ದು ಎಂದು ಕಾಲಿಗೆ, ಮೈಗೆ ಕಲಿಸುವ ಪಾಠ ಅದು. ಪುಸ್ತಕದಿಂದ ಆ ಪಾಠ ಬರುವುದಿಲ್ಲ.

ಶಕ್ತಿ ಯೋಜನೆ ಬಂದ ಹೊಸದರಲ್ಲಿ ಇದೇ ವಾಟ್ಸ್ಆ್ಯಪ್‌ನಲ್ಲಿ ಎಷ್ಟು ಜೋಕುಗಳು ಓಡಾಡಿದವು, ನೆನಪಿದೆಯಲ್ಲ? ಹೆಂಗಸರೆಲ್ಲ ಬಸ್ಸಲ್ಲಿ, ಗಂಡಸರೆಲ್ಲ ಅಡುಗೆಮನೆಯಲ್ಲಿ ಎಂದು. ನಮ್ಮಲ್ಲೂ ಕೆಲವರು ಫಾರ್ವರ್ಡ್ ಮಾಡಿದರು. ಯೋಜನೆಯ ಖರ್ಚುವೆಚ್ಚದ ಬಗ್ಗೆ ಯಾರು ಏನೇ ವಾದ ಮಾಡಲಿ, ಅದು ಬೇರೆ. ಆದರೆ ನಕ್ಕಿದ್ದು ಖರ್ಚಿಗಲ್ಲ. ಕೆಲಸವಿಲ್ಲದೆ, ಅರ್ಜಿ ಇಲ್ಲದೆ ಒಬ್ಬ ಹೆಂಗಸು ಮನೆಯಿಂದ ಹೊರಟದ್ದಕ್ಕೆ ನಕ್ಕೆವು. ಅಷ್ಟು ಅಪರೂಪದ ದೃಶ್ಯ ಅದು.

ಮಕ್ಕಳಲ್ಲೂ ಇದನ್ನು ಕಾಣುತ್ತೇನೆ. ಶಾಲೆಯಲ್ಲಿ ಪ್ರವಾಸದ ಪಟ್ಟಿ ಬರೆಯುವಾಗ ಕೆಲವು ಮಕ್ಕಳು ತಲೆ ತಗ್ಗಿಸಿ ಕೂರುತ್ತಾರೆ. "ನಂಗೆ ಬಸ್ ಆಗಲ್ಲ ಮಿಸ್, ವಾಂತಿ ಬರುತ್ತೆ" ಎನ್ನುತ್ತಾರೆ. ಅಪ್ಪನ ಹತ್ತಿರ ದುಡ್ಡಿಲ್ಲ ಎಂದು ಹೇಳಲಾರದೆ ತಮ್ಮ ಹೊಟ್ಟೆಯ ಮೇಲೆ ಸುಳ್ಳು ಹೇಳಿಕೊಳ್ಳುವ ಹತ್ತು ವರ್ಷದ ಮಕ್ಕಳು. ಸರ್ಕಾರಿ ಶಾಲೆಯ ಮಕ್ಕಳಿಗೆ ಕರ್ನಾಟಕ ದರ್ಶನದಂಥ ಪ್ರವಾಸ ಇರುವುದು ಇಂಥವರಿಗಾಗಿಯೇ. ಆ ಮಗು ದೊಡ್ಡವನಾದ ಮೇಲೂ ಅದೇ ಸುಳ್ಳನ್ನು ಬೇರೆ ರೂಪದಲ್ಲಿ ಹೇಳುತ್ತಾನೆ: "ನನಗೆ ಇಂಥದ್ದೆಲ್ಲ ಇಷ್ಟ ಇಲ್ಲ." ಬಡವರಿಗೆ ಆಸೆ ಕಡಿಮೆ ಎಂದು ನಾವು ಅದನ್ನು ನಂಬಿಬಿಡುತ್ತೇವೆ. ಅದು ತ್ಯಾಗ ಅಲ್ಲ ಬಂಧುಗಳೇ. ಇದ್ದದ್ದನ್ನು ಅರಿತು ಬಿಡುವುದು ತ್ಯಾಗ. ಸಿಗುವುದಿಲ್ಲವೆಂದು ಮೊದಲೇ ಮುಖ ತಿರುಗಿಸಿಕೊಳ್ಳುವುದು ಗಾಯ.

ಧಮ್ಮಪದದ ಅಟ್ಠಕಥೆಯಲ್ಲಿ ಆಳವಿ ಎಂಬ ಊರಿನ ಒಂದು ಪ್ರಸಂಗ ಬರುತ್ತದೆ. ಭಗವಾನರು ಸಂಘದೊಡನೆ ಆ ಊರಿಗೆ ಬಂದರು. ಊರಿನವರು ಊಟ ಬಡಿಸಿ, ಉಪದೇಶಕ್ಕಾಗಿ ಕಾದು ಕುಳಿತರು. ಒಬ್ಬ ಬಡ ರೈತನಿಗೂ ಕೇಳುವ ಆಸೆ. ಆದರೆ ಬೆಳಿಗ್ಗೆ ಅವನ ಎತ್ತು ತಪ್ಪಿಸಿಕೊಂಡಿತ್ತು. ಹುಡುಕದೆ ಬಿಡುವಂತಿಲ್ಲ. ಊಟವೂ ಇಲ್ಲದೆ ಅಲೆದು, ಎತ್ತನ್ನು ಹಿಡಿದು ಕಟ್ಟಿ, ಹೊತ್ತು ಇಳಿದ ಮೇಲೆ ದಣಿದು ಬಂದ. ಅಲ್ಲಿಯವರೆಗೂ ಬುದ್ಧರು ಒಂದು ಮಾತೂ ಆಡದೆ ಕಾದಿದ್ದರು. ಅವನು ಬಂದ ಕೂಡಲೇ ಊಟ ಉಳಿದಿದೆಯೇ ಎಂದು ಕೇಳಿ ಅವನಿಗೆ ಬಡಿಸಲು ಹೇಳಿದರು. ಅವನು ಉಂಡು ಸಮಾಧಾನವಾದ ಮೇಲೆ ಧಮ್ಮ ಹೇಳಿದರು. ಇದನ್ನು ಕಂಡು ಭಿಕ್ಷುಗಳು ಗೊಣಗಿದಾಗ, ಹಸಿವಿನಂಥ ನೋವು ಬೇರೆ ಇಲ್ಲ, ಹಸಿದವನಿಗೆ ಧಮ್ಮ ತಲೆಗೆ ಹೋಗುವುದಿಲ್ಲ ಎಂದು ತಿಳಿಸಿದರು.

ಈ ಕತೆಯನ್ನು ಹೇಳುವಾಗ ಸಾಮಾನ್ಯವಾಗಿ ಊಟದ ಭಾಗವನ್ನು ಒತ್ತಿ ಹೇಳುತ್ತೇವೆ. ಕಾದ ಭಾಗವನ್ನೂ ನೋಡಿ. ಊರಿನ ಉಳ್ಳವರೆಲ್ಲ ಉಂಡು ಕುಳಿತಿದ್ದರು. ಅವರಿಗೆ ಬಿಡುವಿತ್ತು. ಎತ್ತು ತಪ್ಪಿಸಿಕೊಂಡವನಿಗೆ ಬಿಡುವಿರಲಿಲ್ಲ. ಬುದ್ಧರು ಬಿಡುವಿದ್ದವರ ಹೊತ್ತಿಗೆ ಸಭೆ ನಡೆಸಲಿಲ್ಲ, ಬಿಡುವಿಲ್ಲದವನ ಹೊತ್ತಿಗೆ ನಡೆಸಿದರು. ಎತ್ತನ್ನು ಬಿಟ್ಟು ಬಾ ಎನ್ನಲಿಲ್ಲ. ನೀನು ಬರದಿದ್ದರೂ ನಡೆಯುತ್ತದೆ ಎನ್ನಲೂ ಇಲ್ಲ.

ಹಾಗಾಗಿ ಹಿರಿಯರ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಸಾಲ ಮಾಡಿ ಹೋಗುವ ಪ್ರವಾಸ ಬೇಡ, ಅದರಲ್ಲಿ ನಿಮ್ಮ ಮಾತು ಪೂರ್ತಿ ಸರಿ. ಆದರೆ ಸಾಲ ಇದೆ ಎಂಬ ಕಾರಣಕ್ಕೆ ಒಂದು ದಿನದ ಬೆಟ್ಟ, ಗಾಳಿ, ನಗು ಕೂಡ ಬೇಡ ಎಂದರೆ, ಸಾಲಗಾರನಿಗೆ ನಾವೇ ಇನ್ನೊಂದು ಬಂಧನ ಹಾಕಿದಂತೆ. ಬಡ್ಡಿಯವನು ದುಡ್ಡು ಕೇಳುತ್ತಾನೆ, ನಾವು ಸಂತೋಷವನ್ನೂ ಕೇಳಿದಂತಾಗುತ್ತದೆ. ಕಂತು ಕಟ್ಟುವುದು ಅವಳ ಕರ್ತವ್ಯ, ಅದನ್ನು ಅವಳು ಮಾಡುತ್ತಿದ್ದಾಳೆ. ಬಿಡುವು ಕೊಡುವುದು ನಮ್ಮ ಕರ್ತವ್ಯ, ಅದನ್ನು ನಾವು ಮಾಡುತ್ತಿದ್ದೇವೆಯೇ?

ಮಾಲೂರಿನ ಆ ಹೆಂಗಸಿನ ವಿಷಯ ಇನ್ನೂ ಬಾಕಿ ಇದೆ. ಮುಂದಿನ ಸಲ ಅವಳಿಗೆ ಬಿಡುವಾಗುವ ದಿನವನ್ನು ಮೊದಲು ಕೇಳಿ, ಆಮೇಲೆ ದಿನ ಗೊತ್ತು ಮಾಡಬೇಕು ಎಂದು ಬಳಗದಲ್ಲಿ ತೀರ್ಮಾನವಾಗಿದೆ. ಅದು ಭಾನುವಾರ ಆಗದಿರಬಹುದು. ಸಂಬಳದ ರಜೆ ಇರುವವರು ಒಂದು ರಜೆ ಹಾಕಿಕೊಳ್ಳಬೇಕಾಗಬಹುದು. ಹಾಕೋಣ.

*ಇಂದಿನ ಸಂಕಲ್ಪ*

ನಿಮ್ಮ ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ದುಡಿಯುವವರು ಯಾರಾದರೂ ಇದ್ದರೆ ಈ ತಿಂಗಳು ಅವರಿಗೆ ಕೂಲಿ ಕಡಿಯದೆ ಒಂದು ದಿನ ಬಿಡುವು ಕೊಡಿ. "ಆ ದಿನ ಏನು ಮಾಡಿದೆ, ಎಲ್ಲಿಗೆ ಹೋದೆ" ಎಂದು ಕೇಳಬೇಡಿ. ಅವರು ಮಲಗಲಿ, ಸಿನಿಮಾಕ್ಕೆ ಹೋಗಲಿ, ತವರಿಗೆ ಹೋಗಲಿ, ಬೆಟ್ಟ ಹತ್ತಲಿ. ಆ ದಿನ ಅವರದು.

ಯಾರನ್ನೂ ಕೆಲಸಕ್ಕೆ ಇಟ್ಟುಕೊಳ್ಳದವರು ನಿಮ್ಮ ಮನೆಯ ತಾಯಿ, ಹೆಂಡತಿ, ಅಕ್ಕನನ್ನು ನೆನೆಯಿರಿ. ಅವರ ಕೈಯಲ್ಲಿ ಯಾವ ಕೆಲಸದ ಪಟ್ಟಿಯೂ ಇಲ್ಲದ ಒಂದು ದಿನ ಕೊನೆಯ ಸಲ ಯಾವಾಗ ಬಂದಿತ್ತು ಎಂದು ಲೆಕ್ಕ ಹಾಕಿ.

ಸಕಲ ಜೀವಿಗಳಿಗೂ ಮಂಗಳವಾಗಲಿ. ಬುದ್ಧ, ಧಮ್ಮ, ಸಂಘಕ್ಕೆ ಶರಣು.

ಓದಿದ ಮೇಲೆ ನಿಮ್ಮ ಅನಿಸಿಕೆಯನ್ನು ಗುಂಪಿನಲ್ಲಿ ಬರೆಯಿರಿ. ಓದಲು ಬಾರದ ಸದಸ್ಯರಿಗೆ ದಯವಿಟ್ಟು ಯಾರಾದರೂ ಓದಿ ಹೇಳಿ.